ಟಾರ್ಪಾಲು ಎಳೆಯೋರು ಬಾರದ ದಿನ

ಇವತ್ತಿನ ಎಪಿಸೋಡ್ ಬೇಸ್‌ಬಾಲ್ ಬಗ್ಗೆ. ಆಟ ಗೊತ್ತಿಲ್ಲ ಅಂತ ಸ್ಕಿಪ್ ಮಾಡಬೇಡಿ, ಇದು ಬ್ಯಾಟು ಹಿಡಿದವರ ಕಥೆ ಅಲ್ಲ. ಮಳೆ ಬಂದ ಕೂಡಲೇ ಆಟಗಾರರೆಲ್ಲ ಒಳಗೆ ಓಡ್ತಾರಲ್ಲ, ಆಗ ಹೊರಗೆ ಓಡಿ ಬರೋರ ಕಥೆ.

ಮೊದಲು ಕೆಲಸ ಏನು ಅಂತ ನೋಡೋಣ. ನಮ್ಮ ಚಿನ್ನಸ್ವಾಮಿಯಲ್ಲಿ ಹನಿ ಬಿದ್ದರೆ ಪಿಚ್ ಮೇಲೆ ಕವರ್ ಎಳೆಯೋದನ್ನ ನೋಡಿರ್ತೀರಿ. ಬೇಸ್‌ಬಾಲ್‌ನಲ್ಲಿ ಆಟಗಾರರು ಓಡುವ ದಾರಿ ಪೂರ್ತಿ ಮಣ್ಣು. ಮರಳು, ಜೇಡಿ ಬೆರೆಸಿ ಹದ ಮಾಡಿದ್ದು. ನೆಂದರೆ ಬರೀ ಕೆಸರು. ಹಾಗಾಗಿ ಇನ್‌ಫೀಲ್ಡ್ ಇಡಿಯಾಗಿ ಮುಚ್ಚಬೇಕು. ಅದಕ್ಕೆ ಬಳಸೋ ಟಾರ್ಪಾಲು ಸಾಮಾನ್ಯವಾಗಿ 170 ಅಡಿ ಉದ್ದ, ಅಷ್ಟೇ ಅಗಲ. ದೊಡ್ಡ ಉರುಳೆಗೆ ಸುತ್ತಿ ಗೆರೆಯಾಚೆ ಇಟ್ಟಿರ್ತಾರೆ. ಹದಿನೈದು, ಇಪ್ಪತ್ತು ಜನ ಉರುಳೆ ತಳ್ಳಿ, ಅಂಚು ಹಿಡಿದು ಓಡಬೇಕು. ಅಡಿಗೆ ಗಾಳಿ ಹೊಕ್ಕರೆ ಹಿಡಿದವರನ್ನೂ ಎಳ್ಕೊಂಡು ಹೋಗುತ್ತೆ. ಮಳೆ ನಿಂತ ಮೇಲೆ ನೀರನ್ನ ಹುಲ್ಲಿನ ಕಡೆ ಚೆಲ್ಲಬೇಕು, ಒದ್ದೆ ಜಾಗಕ್ಕೆ ಸುಟ್ಟ ಜೇಡಿಯ ಪುಡಿ ಹಾಕಬೇಕು, ಗೆರೆ ಮತ್ತೆ ಎಳೀಬೇಕು.

ಈಗ ದುಡ್ಡಿನ ವಿಷಯ. ನಾನು ಬಿಕಾಂ ಓದಿದವನು, ಎಲ್ಲಿ ಹೋದರೂ ಕಣ್ಣು ಲೆಕ್ಕದ ಮೇಲೇ. ‘ರೇನ್ ಚೆಕ್’ ಅನ್ನೋ ಮಾತು ಕೇಳಿದ್ದೀರಲ್ಲ? ಅದು 1880ರ ದಶಕದ ಬೇಸ್‌ಬಾಲ್ ಟಿಕೆಟ್‌ನಿಂದ ಬಂದದ್ದು. ಮಳೆಗೆ ಆಟ ನಿಂತರೆ ಅದೇ ಚೀಟಿ ತೋರಿಸಿ ಇನ್ನೊಂದು ದಿನ ಬರಬಹುದು. ಅಂದರೆ ಒಂದು ಮಳೆ ಬಂದರೆ ಕ್ಲಬ್ ತಲೆ ಮೇಲೆ ಅಷ್ಟು ಜನರ ಸಾಲ.

ಇನ್ನೊಂದು ನಿಯಮ ಇದೆ. ಒಂಬತ್ತು ಇನಿಂಗ್ಸ್‌ನಲ್ಲಿ ಐದು ಮುಗಿದಿದ್ದರೆ, ಆತಿಥೇಯ ತಂಡ ಮುಂದಿದ್ದಾಗ ನಾಲ್ಕೂವರೆಗೇ, ಮಳೆಗೆ ನಿಂತ ಆಟವೂ ಲೆಕ್ಕಕ್ಕೆ ಬರುತ್ತೆ. ಇಲ್ಲೇ ಒಂದು ಕಿಂಡಿ ಇದೆ, ಗಮನಿಸಿ. ಆತಿಥೇಯರು ಗೆಲ್ತಾ ಇದ್ದಾರೆ, ಮಳೆ ಬಂತು. ಟಾರ್ಪಾಲು ಎಳೆಯೋರಿಗೆ ಸಂಬಳ ಕೊಡೋರೂ ಅವರೇ. ನಿಧಾನಕ್ಕೆ ಮುಚ್ಚಿದರೆ ಲಾಭ ಯಾರಿಗೆ? ಅದಕ್ಕೇ ಆಟ ನಿಂತಾಗ ಮೈದಾನದ ಸಿಬ್ಬಂದಿ ಅಂಪೈರ್ ಮಾತು ಕೇಳಬೇಕು ಅಂತ ನಿಯಮ. ಕೇಳದಿದ್ದರೆ ಪಂದ್ಯ ಎದುರಾಳಿಗೆ.

1941ರ ಆಗಸ್ಟ್ 15ರಂದು ವಾಷಿಂಗ್ಟನ್‌ನ ಗ್ರಿಫಿತ್ ಸ್ಟೇಡಿಯಂನಲ್ಲಿ ಇದೇ ಆಯ್ತು. ಬಾಸ್ಟನ್ ರೆಡ್ ಸಾಕ್ಸ್ ಎದುರು ಸೆನೆಟರ್ಸ್ 6-3ರಿಂದ ಮುಂದಿತ್ತು. ಎಂಟನೇ ಇನಿಂಗ್ಸ್‌ನಲ್ಲಿ ಮಳೆ. ಮೈದಾನ ಮುಚ್ಚೋಕೆ ಜನ ಬರಲಿಲ್ಲ, ನೆಲ ನೆನೆದು ಆಟ ನಿಂತಿತು. ಬಾಸ್ಟನ್ ತಕರಾರು ಸಲ್ಲಿಸಿತು. ಅಮೆರಿಕನ್ ಲೀಗ್ ಅಧ್ಯಕ್ಷ ವಿಲ್ ಹ್ಯಾರಿಡ್ಜ್ ಅದನ್ನ ಒಪ್ಪಿ ಪಂದ್ಯವನ್ನ ಬಾಸ್ಟನ್‌ಗೆ ಕೊಟ್ಟುಬಿಟ್ಟರು. ಗೆಲ್ತಿದ್ದ ತಂಡ ಒಂದು ಟಾರ್ಪಾಲಿನಿಂದ ಸೋತಿತು.

ಎಪ್ಪತ್ತಮೂರು ವರ್ಷದ ನಂತರ, 2014ರ ಆಗಸ್ಟ್ 19ಕ್ಕೆ ಚಿಕಾಗೊದ ರಿಗ್ಲಿ ಫೀಲ್ಡ್‌ಗೆ ಬನ್ನಿ. ಆತಿಥೇಯ ಕಬ್ಸ್ 2-0 ಮುಂದೆ, ನಾಲ್ಕೂವರೆ ಇನಿಂಗ್ಸ್ ಮುಗಿದಿದೆ. ಮಳೆ ಸುರಿದದ್ದು ಹದಿನೈದು ನಿಮಿಷ, ಎಲ್ಲರೂ ಕಾದದ್ದು ನಾಲ್ಕೂವರೆ ಗಂಟೆ. ಟಾರ್ಪಾಲು ಸೊಟ್ಟಗೆ ಬಿಚ್ಚಿಕೊಂಡಿತು. ಹುಡುಗರು ಎಳೀತಾರೆ, ಜಾರ್ತಾರೆ, ಅದು ಜಗ್ಗಲ್ಲ. ಅಷ್ಟರಲ್ಲಿ ಮಣ್ಣು ಕೆರೆಯಾಗಿತ್ತು. ಪ್ಲೇಆಫ್ ಜಾಗಕ್ಕೆ ಹೋರಾಡ್ತಿದ್ದ ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್ ತಕರಾರು ಸಲ್ಲಿಸಿ ಗೆದ್ದಿತು. ಅಂಥ ತಕರಾರು ಗೆದ್ದದ್ದು 28 ವರ್ಷಗಳಲ್ಲಿ ಅದೇ ಮೊದಲು. ಆದರೆ ಈ ಸಲ ಪಂದ್ಯವನ್ನೇ ಎದುರಾಳಿಗೆ ಕೊಡಲಿಲ್ಲ. ಸಿಬ್ಬಂದಿ ಮನಸಿಟ್ಟು ದುಡಿದಿದ್ದಾರೆ, ಹಿಂದಿನ ಸಲ ಟಾರ್ಪಾಲು ಸರಿಯಾಗಿ ಸುತ್ತದ್ದೇ ಕಾರಣ ಅಂತ ಲೀಗ್ ಹೇಳಿತು. ಎರಡು ದಿನದ ಮೇಲೆ ಆಟ ಮುಂದುವರಿದು ಕಬ್ಸ್ 2-1ರಿಂದ ಗೆದ್ದಿತು.

ಕಥೆ ಅಲ್ಲಿಗೇ ಮುಗೀಲಿಲ್ಲ. ಅವತ್ತು ಕೆಲವು ಸಿಬ್ಬಂದಿಯನ್ನ ಬೇಗ ಮನೆಗೆ ಕಳಿಸಿದ್ದರು ಅಂತ ಮೂಲಗಳನ್ನ ಉಲ್ಲೇಖಿಸಿ ಚಿಕಾಗೊ ಸನ್-ಟೈಮ್ಸ್ ಬರೆಯಿತು. ಅಮೆರಿಕದ ಆರೋಗ್ಯ ವಿಮೆ ಕಾನೂನಿನ ಪ್ರಕಾರ ವಾರಕ್ಕೆ ಸರಾಸರಿ 30 ಗಂಟೆ ದುಡಿದವರಿಗೆ ದೊಡ್ಡ ಕಂಪನಿಗಳು ವಿಮೆ ಕೊಡಬೇಕು. ಆ ಗಡಿ ದಾಟದ ಹಾಗೆ ಗಂಟೆ ಕತ್ತರಿಸ್ತಿದ್ದರು ಅನ್ನೋದು ವರದಿ. ಕ್ಲಬ್ ಮಾತ್ರ ಟಾರ್ಪಾಲು ಸುತ್ತಿದ ರೀತಿಯನ್ನೇ ದೂರಿತು.

ಯಾರ ಮಾತು ಸರಿ ಅಂತ ತೀರ್ಪು ಕೊಡೋಕೆ ನಾನು ಬಂದಿಲ್ಲ. ಲೆಕ್ಕದ ಪುಸ್ತಕದಲ್ಲಿ ಆಟಗಾರನ ಹೆಸರು ಇರುತ್ತೆ, ಇವರು ಬರೀ ‘ಖರ್ಚು’ ಅನ್ನೋ ಸಾಲಿನಲ್ಲಿ ಸೇರಿಹೋಗ್ತಾರೆ. ಖರ್ಚು ಕಡಿಮೆ ಮಾಡೋಣ ಅಂದಾಗ ಮೊದಲು ಕತ್ತರಿ ಬೀಳೋದು ಅಲ್ಲಿಗೇ. ಒಣಗಿರೋ ದಿನ ಅದರ ವ್ಯತ್ಯಾಸ ಗೊತ್ತಾಗಲ್ಲ. ಮಳೆ ಬಂದ ದಿನ ಸ್ಕೋರ್‌ಬೋರ್ಡ್‌ನಲ್ಲೇ ಕಾಣುತ್ತೆ.

ಮುಂದಿನ ಸಲ ಮಳೆಗೆ ಮ್ಯಾಚ್ ನಿಂತಾಗ ರೀಲ್ಸ್ ನೋಡೋ ಬದಲು, ಕವರ್ ಎಳೀತಿರೋರು ಎಷ್ಟು ಜನ ಅಂತ ಒಮ್ಮೆ ಎಣಿಸಿ ನೋಡಿ. ಮುಂದಿನ ವಾರ ಸಿಗೋಣ.