ಕೊರೊಲೆವ್ ಬದುಕಿದ್ದರೆ

ಚಿಕ್ಕಮ್ಮನಿಗೆ ಮೀಸೆ ಬಂದಿದ್ದರೆ ಚಿಕ್ಕಪ್ಪ ಎನ್ನಬಹುದಿತ್ತೆಂದು ನಮ್ಮ ಹಿರಿಯರು ನಗುತ್ತಿದ್ದರು. ‘ಹಾಗಾಗಿದ್ದರೆ, ಹೀಗಾಗಿದ್ದರೆ’ ಎಂಬ ಮಾತಿಗೆ ಇತಿಹಾಸಕಾರರೂ ಸಾಮಾನ್ಯವಾಗಿ ಅಷ್ಟೇ ಬೆಲೆ ಕೊಡುವುದು. ಕಥೆಗಾರರಿಗೆ ಮಾತ್ರ ಈ ಕಟ್ಟುಪಾಡಿಲ್ಲ. 2019ರ ನವೆಂಬರಿನಲ್ಲಿ ಅಮೆರಿಕದ ಆಪಲ್ ಸಂಸ್ಥೆ ತನ್ನ ಟೆಲಿವಿಷನ್ ಸೇವೆಯಲ್ಲಿ ಆರಂಭಿಸಿದ ‘ಫಾರ್ ಆಲ್ ಮ್ಯಾನ್‌ಕೈಂಡ್’ ಎಂಬ ಧಾರಾವಾಹಿ ನಿಂತಿರುವುದೇ ಇಂಥದೊಂದು ‘ಆಗಿದ್ದರೆ’ಯ ಮೇಲೆ. 1969ರ ಜೂನ್ ತಿಂಗಳು. ಚಂದ್ರನ ನೆಲಕ್ಕೆ ಮನುಷ್ಯನೊಬ್ಬ ಕಾಲಿಡುವುದನ್ನು ಜಗತ್ತೆಲ್ಲ ಕಣ್ಣರಳಿಸಿ ನೋಡುತ್ತಿದೆ. ಆದರೆ ಅವನಾಡುವ ಮಾತು ರಷ್ಯನ್! ಅವನು ಆರ್ಮ್‌ಸ್ಟ್ರಾಂಗ್ ಅಲ್ಲ, ಅಲೆಕ್ಸಿ ಲಿಯೊನೊವ್. ಸೋತ ಅಮೆರಿಕ ಪಂತವನ್ನು ಬಿಡುವುದಿಲ್ಲ. ಸ್ಪರ್ಧೆ ಚಂದ್ರನಿಂದ ಮಂಗಳದವರೆಗೂ ಬೆಳೆಯುತ್ತದೆ.

ಲಿಯೊನೊವ್ ಕಲ್ಪನೆಯ ವ್ಯಕ್ತಿಯಲ್ಲ. 1965ರ ಮಾರ್ಚಿನಲ್ಲಿ ನೌಕೆಯಿಂದ ಹೊರಬಂದು ಬರಿಯ ಬಾನಿನಲ್ಲಿ ತೇಲಿದ ಮೊದಲ ಮನುಷ್ಯ ಆತನೇ. ಚಂದ್ರನಲ್ಲಿ ಇಳಿಯಲು ರಷ್ಯದವರು ಸಿದ್ಧಗೊಳಿಸುತ್ತಿದ್ದವರಲ್ಲಿ ಮುಂಚೂಣಿಯಲ್ಲಿದ್ದವನೂ ಹೌದು. ನಿಜಜೀವನದಲ್ಲಿ ದೊರೆಯದ ಚಂದ್ರಲೋಕ ಆತನಿಗೆ ಕಥೆಯಲ್ಲಿ ದೊರೆಯಿತು. ಅದೂ ಧಾರಾವಾಹಿ ಆರಂಭವಾಗುವ ಮೂರು ವಾರ ಮೊದಲು ಆತ ತೀರಿಕೊಂಡಿದ್ದ.

ಕಥೆಯಲ್ಲಿ ರಷ್ಯದವರು ಎರಡನೆಯ ಸಲ ಒಬ್ಬ ಹೆಂಗಸನ್ನು ಚಂದ್ರನಲ್ಲಿ ಇಳಿಸುತ್ತಾರೆ. ಅವಮಾನ ತಾಳಲಾರದೆ ಅಮೆರಿಕವೂ ಹೆಂಗಸರಿಗೆ ತರಬೇತಿ ಕೊಡಲು ಹೊರಡುತ್ತದೆ. ನನಗೆ ಹೆಚ್ಚು ನಾಟಿದ ಭಾಗ ಇದು. ವಾಸ್ತವದಲ್ಲಿ ಜೆರಿ ಕಾಬ್ ಮೊದಲಾದ ಹದಿಮೂರು ಮಂದಿ ಮಹಿಳಾ ವಿಮಾನಚಾಲಕರು 1961ರ ಹೊತ್ತಿಗೆ ಗಂಡಸರಿಗೆ ನಡೆಸಿದಂಥದೇ ವೈದ್ಯಕೀಯ ಪರೀಕ್ಷೆಗಳಲ್ಲಿ ತೇರ್ಗಡೆಯಾಗಿದ್ದರು. ಜೆಟ್ ವಿಮಾನಗಳ ಪರೀಕ್ಷಾ ಚಾಲಕರಾಗಿರಬೇಕೆಂಬ ನಿಯಮ ಅವರಿಗೆ ಅಡ್ಡ ಬಂತು. ಆ ಕೆಲಸಕ್ಕೆ ಹೆಂಗಸರನ್ನು ಸೇರಿಸಿಕೊಂಡರೆ ತಾನೆ! 1963ರಲ್ಲಿ ರಷ್ಯದ ತೆರೆಷ್ಕೋವಾ ಭೂಮಿಯನ್ನು ಸುತ್ತಿ ಬಂದಳು. ಅಮೆರಿಕದ ಸ್ಯಾಲಿ ರೈಡ್ ಮೇಲೇರಿದ್ದು ಇಪ್ಪತ್ತು ವರ್ಷಗಳ ಮೇಲೆ, 1983ರಲ್ಲಿ. ಇನ್ನು ಧಾರಾವಾಹಿಯವರು 1971ರಲ್ಲೇ ಚಂದ್ರನಲ್ಲಿ ಹೆಪ್ಪುಗಟ್ಟಿದ ನೀರನ್ನು ಕಂಡುಹಿಡಿಯುತ್ತಾರೆ. ಅಲ್ಲಿ ನೀರಿನಂಶದ ಗುರುತನ್ನು ನಮ್ಮ ಚಂದ್ರಯಾನ ಹೊತ್ತೊಯ್ದ ಅಮೆರಿಕದ ಉಪಕರಣ ತೋರಿಸಿಕೊಟ್ಟದ್ದು 2009ರಲ್ಲಿ. ಇರಲಿ, ಇವೆಲ್ಲ ಕೊಂಬೆಗಳು. ಕಥೆಯ ಬೇರಿರುವುದು 1966ರ ಜನವರಿ 14ರಲ್ಲಿ.

ಅಂದು ಮಾಸ್ಕೋದ ಆಸ್ಪತ್ರೆಯೊಂದರಲ್ಲಿ ಸೆರ್ಗೆಯ್ ಕೊರೊಲೆವ್ ಶಸ್ತ್ರಚಿಕಿತ್ಸೆಗೆಂದು ಮಲಗಿದವನು ಮತ್ತೆ ಏಳಲಿಲ್ಲ. ಸ್ಪುಟ್ನಿಕ್ಕನ್ನು ಹಾರಿಸಿದವನು, ಗಗಾರಿನನನ್ನು ಕಳಿಸಿದವನು ಆತನೇ ಎಂಬುದು ಆತನ ದೇಶದ ಜನಕ್ಕೆ ತಿಳಿದದ್ದು ಮರಣವಾರ್ತೆಯಿಂದ. ಅಲ್ಲಿಯವರೆಗೆ ಪತ್ರಿಕೆಗಳಲ್ಲಿ ಆತನಿಗಿದ್ದುದು ‘ಪ್ರಧಾನ ವಿನ್ಯಾಸಕ’ ಎಂಬ ಬಿರುದು ಮಾತ್ರ. ಈ ಚಿಕಿತ್ಸೆಯಿಂದ ಕೊರೊಲೆವ್ ಬದುಕುಳಿದ ಎಂಬುದೇ ತಮ್ಮ ಕಥೆಯ ಕವಲುದಾರಿಯೆಂದು ಕರ್ತೃಗಳಲ್ಲೊಬ್ಬನಾದ ರೊನಾಲ್ಡ್ ಮೂರ್ ಹೇಳಿದ್ದಾನೆ.

ಕತ್ತಿ ಹಿಡಿದವನು ಸ್ವತಃ ಆರೋಗ್ಯ ಮಂತ್ರಿ ಪೆತ್ರೋವ್‌ಸ್ಕಿ. ಸಣ್ಣ ಗಂಟೆಂದು ಎಣಿಸಿದ್ದಲ್ಲಿ ದೊಡ್ಡ ಗೆಡ್ಡೆ ಕಾಣಿಸಿತು. ಉಸಿರಾಟದ ನಳಿಗೆಯನ್ನು ಗಂಟಲಿಗಿಳಿಸಲು ರೋಗಿಯ ದವಡೆ ಸರಿಯಾಗಿ ತೆರೆಯಲಿಲ್ಲವಂತೆ. ದವಡೆ ಮುರಿದದ್ದು 1938ರಲ್ಲಿ, ಸ್ಟಾಲಿನ್ನನ ಪೊಲೀಸರ ವಿಚಾರಣೆಯಲ್ಲಿ ಎಂದು ಹೇಳುತ್ತಾರೆ. ಆ ವರ್ಷ ಕೊರೊಲೆವನನ್ನು ದೇಶದ್ರೋಹದ ಸುಳ್ಳು ಆಪಾದನೆಯ ಮೇಲೆ ಹಿಡಿದು ಕೊಲಿಮಾದ ಚಿನ್ನದ ಗಣಿಗಳಿಗೆ ಅಟ್ಟಿದರು. ಅಲ್ಲಿ ಹಸಿವಿನಿಂದಲೂ ರೋಗದಿಂದಲೂ ಆತನ ಹಲ್ಲುಗಳು ಉದುರಿದವು. ಆತನ ಮೇಲಿನ ಆಪಾದನೆಗೆ ಆಧಾರವಾದವು ಸಹೋದ್ಯೋಗಿಗಳಿಂದ ಬಲಾತ್ಕಾರವಾಗಿ ಪಡೆದ ಹೇಳಿಕೆಗಳು. ಅವುಗಳಲ್ಲಿ ವಲೆಂಟಿನ್ ಗ್ಲುಷ್ಕೋ ಎಂಬ ಎಂಜಿನ್ ವಿನ್ಯಾಸಕನದೂ ಒಂದೆಂದು ಇತಿಹಾಸಕಾರರು ಬರೆದಿದ್ದಾರೆ. ಗ್ಲುಷ್ಕೋ ಕೂಡ ಆಗ ಸೆರೆಯಾಳು. ಮುಂದೆ ಕಜಾನ್ ನಗರದ ಸೆರೆಯಾಳುಗಳ ಕಾರ್ಯಾಲಯದಲ್ಲಿ ಕೊರೊಲೆವ್ ಇದೇ ಗ್ಲುಷ್ಕೋನ ಕೈಕೆಳಗೆ ಕೆಲಸ ಮಾಡಿದ. ಬಿಡುಗಡೆ ಬಂದದ್ದು 1944ರಲ್ಲಿ. ನಿರ್ದೋಷಿ ಎಂಬ ತೀರ್ಪು 1957ರಲ್ಲಿ, ಸ್ಪುಟ್ನಿಕ್ ಹಾರಿದ ವರ್ಷವೇ.

ಹಾಗಿದ್ದರೆ, ಆತ ಬದುಕಿದ್ದಲ್ಲಿ ರಷ್ಯ ಗೆಲ್ಲುತ್ತಿತ್ತೆ? ನನಗೆ ನಂಬುಗೆ ಬಾರದು. ಚಂದ್ರನಿಗೆ ಹೋಗುತ್ತೇವೆಂದು ಕೆನಡಿ ಸಾರಿದ್ದು 1961ರ ಮೇ ತಿಂಗಳಲ್ಲಿ. ಮಾಸ್ಕೋದ ಸರಕಾರ ಇಳಿಯುವ ಆಜ್ಞೆಗೆ ಸಹಿ ಹಾಕಿದ್ದು 1964ರ ಆಗಸ್ಟಿನಲ್ಲಿ. ಅದರಲ್ಲೂ ಇಳಿಯುವ ಕೆಲಸ ಕೊರೊಲೆವನಿಗೆ, ಚಂದ್ರನನ್ನು ಸುತ್ತಿಬರುವ ಕೆಲಸ ಚೆಲೊಮೆಯ್ ಎಂಬ ಪ್ರತಿಸ್ಪರ್ಧಿಗೆ! ಒಂದೇ ಮನೆಯಲ್ಲಿ ಎರಡು ಒಲೆ. ಇಷ್ಟು ಸಾಲದೆಂಬಂತೆ ಗ್ಲುಷ್ಕೋನೊಡನೆ ಜಗಳ. ರಾಕೆಟ್ಟಿಗೆ ಸೀಮೆಎಣ್ಣೆ, ದ್ರವ ಆಮ್ಲಜನಕಗಳೇ ಸರಿಯೆಂದು ಕೊರೊಲೆವನ ಹಟ. ಕೂಡಿದೊಡನೆ ತಾವೇ ಹೊತ್ತಿಕೊಳ್ಳುವ ವಿಷರಾಸಾಯನಿಕಗಳೇ ಬೇಕೆಂದು ಗ್ಲುಷ್ಕೋನ ಹಟ. ದೇಶದ ಅತಿ ಸಮರ್ಥ ಎಂಜಿನ್ ತಯಾರಕ ಎಂಜಿನ್ ಮಾಡಿಕೊಡಲು ಒಪ್ಪಲಿಲ್ಲ. ಕೊರೊಲೆವ್ ವಿಮಾನದ ಎಂಜಿನ್ನುಗಳಲ್ಲಿ ಪಳಗಿದ ಕುಜ್ನೆತ್ಸೋವನ ಮೊರೆಹೊಕ್ಕ. ಆತನ ಎಂಜಿನ್ನುಗಳು ಸಣ್ಣವು. ಅಮೆರಿಕದ ಸ್ಯಾಟರ್ನ್ ರಾಕೆಟ್ಟಿನ ಬುಡಕ್ಕೆ ಐದು ಸಾಕಾದರೆ ಇಲ್ಲಿ ಮೂವತ್ತು ಬೇಕಾದವು. ಮೂವತ್ತನ್ನೂ ಒಟ್ಟಿಗೆ ನೆಲದ ಮೇಲೆ ಉರಿಸಿ ನೋಡಲು ಪರೀಕ್ಷಾಕಟ್ಟೆ ಕಟ್ಟುವುದು ಬೇಡ, ಹಣವೂ ಕಾಲವೂ ಉಳಿದಾವು ಎಂದು ತೀರ್ಮಾನವಾದದ್ದು ಕೊರೊಲೆವ್ ಬದುಕಿದ್ದಾಗಲೇ. ಈ ಮಾತನ್ನು ಆತನ ಅಭಿಮಾನಿಗಳು ಮರೆಯುತ್ತಾರೆ.

ಪರಿಣಾಮ ಗೊತ್ತಿರುವುದೇ. ಎನ್-1 ಎಂಬ ಆ ದೈತ್ಯ 1969ರಿಂದ 1972ರವರೆಗೆ ನಾಲ್ಕು ಸಲ ಎದ್ದಿತು, ನಾಲ್ಕು ಸಲವೂ ಮೊದಲ ಹಂತದಲ್ಲೇ ಕೆಟ್ಟಿತು. 1969ರ ಜುಲೈ 3ರಂದು ಉಡ್ಡಯನದ ಕಟ್ಟೆಯ ಮೇಲೆಯೇ ಬಿದ್ದು ಅದನ್ನು ಧ್ವಂಸಮಾಡಿತು. ಅಪೊಲೊ-11 ಹೊರಡಲು ಆಗ ಹದಿಮೂರೇ ದಿನ ಉಳಿದಿತ್ತು. ಆರ್ಮ್‌ಸ್ಟ್ರಾಂಗ್ ಚಂದ್ರನಲ್ಲಿದ್ದಾಗ ಅಲ್ಲಿಂದ ಮಣ್ಣು ತರಲು ಹೋಗಿದ್ದ ರಷ್ಯದ ಲೂನಾ-15 ಎಂಬ ಯಂತ್ರವೂ ಅಲ್ಲೇ ಅಪ್ಪಳಿಸಿ ನುಚ್ಚುನೂರಾಯಿತು. ತಾವು ಇಂಥ ಪಂದ್ಯಕ್ಕೆ ಇಳಿದೇ ಇರಲಿಲ್ಲವೆಂದು ಮಾಸ್ಕೋ ಹೇಳುತ್ತ ಬಂತು. ನಿಜ ಬಯಲಾದದ್ದು 1989ರಲ್ಲಿ.

1974ರಲ್ಲಿ ಕೊರೊಲೆವನ ಪೀಠಕ್ಕೆ ಬಂದವನು ಯಾರು? ಗ್ಲುಷ್ಕೋ! ಬಂದವನೇ ಎನ್-1ರ ಕೆಲಸ ನಿಲ್ಲಿಸಿದ. ಮುಂದಿನ ಹಾರಾಟಕ್ಕೆಂದು ಕುಜ್ನೆತ್ಸೋವ್ ಸುಧಾರಿಸಿ ಇಟ್ಟಿದ್ದ ಎಂಜಿನ್ನುಗಳನ್ನೂ ಒಡೆದು ಹಾಕಬೇಕೆಂದು ಅಪ್ಪಣೆಯಾಯಿತು. ಆತ ಒಡೆಯಲಿಲ್ಲ, ಉಗ್ರಾಣದಲ್ಲಿ ಮುಚ್ಚಿಟ್ಟ. ಸೋವಿಯತ್ ಒಕ್ಕೂಟ ಮುಳುಗಿದ ಮೇಲೆ ಅಮೆರಿಕದ ಕಂಪನಿಯೊಂದು ಅವನ್ನು ಕೊಂಡುಕೊಂಡಿತು. 2013ರ ಏಪ್ರಿಲಿನಲ್ಲಿ ವರ್ಜೀನಿಯದ ಕಡಲ ತೀರದಿಂದ ಅಂಟಾರಿಸ್ ಎಂಬ ಅಮೆರಿಕನ್ ರಾಕೆಟ್ಟು ಅಂಥ ಎರಡು ಎಂಜಿನ್ನುಗಳ ಬಲದಿಂದಲೇ ಮೇಲೇರಿತು.