ಸಾಸಿವೆ ದಿಂಬಿನಿಂದ ಮಗುವಿನ ತಲೆ ದುಂಡಗಾಗುತ್ತದೆಯೇ?

ಕನಕಪುರ ತಾಲ್ಲೂಕಿನ ಕೋಡಿಹಳ್ಳಿಯಾಗಲಿ, ಬೆಂಗಳೂರಿನ ಅಪಾರ್ಟ್‌ಮೆಂಟ್ ಆಗಲಿ, ಮನೆಗೆ ಮಗು ಬಂತೆಂದರೆ ಹೊಲಿಗೆ ಯಂತ್ರದ ಮೇಲಿನ ಧೂಳು ಒರೆಸುತ್ತಾರೆ. ಅಜ್ಜಿಯ ಹಳೇ ಸೀರೆ ಲಂಗೋಟಿಯಾಗುತ್ತದೆ, ಉಳಿದ ಬಟ್ಟೆ ಕುಲಾವಿಯಾಗುತ್ತದೆ. ಇವುಗಳ ಜೊತೆ ನಾಮಕರಣದ ಉಡುಗೊರೆಯಾಗಿ ಬರುವ ಇನ್ನೊಂದು ವಸ್ತು ಸಾಸಿವೆ ತುಂಬಿದ ಪುಟ್ಟ ದಿಂಬು. ಅದನ್ನು ಹೊಲಿಯುವುದು ಹೇಗೆಂಬ ವಿಡಿಯೋಗಳೂ ಫೋನಿನಿಂದ ಫೋನಿಗೆ ಹೋಗುತ್ತಿರುತ್ತವೆ. ಮುಂದಕ್ಕೆ ಕಳಿಸುವ ಮೊದಲು ಇದನ್ನು ಓದಿ.

ಏನು ಹೇಳುತ್ತಾರೆ?

ಸಾಸಿವೆ ದಿಂಬಿನ ಮೇಲೆ ಮಲಗಿಸಿದರೆ ತಲೆಯ ಹಿಂಭಾಗ ಚಪ್ಪಟೆಯಾಗುವುದಿಲ್ಲ, ತಲೆ ದುಂಡಗಾಗುತ್ತದೆ, ಸಾಸಿವೆಯ ಕಾವಿಗೆ ಶೀತವೂ ಆಗುವುದಿಲ್ಲ ಎಂಬುದು ನಂಬಿಕೆ.

ನಿಜವೇನು?

ಹೆರಿಗೆಯ ಸಮಯದಲ್ಲಿ ಹೊರಬರಲು ಅನುಕೂಲವಾಗಲೆಂದು ಮಗುವಿನ ತಲೆಬುರುಡೆಯ ಮೂಳೆಗಳು ಒಂದಕ್ಕೊಂದು ಬೆಸೆದುಕೊಂಡಿರುವುದಿಲ್ಲ. ಹುಟ್ಟುವಾಗ ತಲೆ ಉದ್ದವಾಗಿ ಕಂಡರೂ ಕೆಲವು ದಿನ ಅಥವಾ ವಾರಗಳಲ್ಲಿ ತಾನೇ ಸರಿಹೋಗುತ್ತದೆ. ಒಂದೇ ಕಡೆ ಮಲಗಿ ಹಿಂಭಾಗ ಸ್ವಲ್ಪ ಚಪ್ಪಟೆಯಾಗಿದ್ದರೂ, ಮಗು ಕತ್ತು ನಿಲ್ಲಿಸಿ, ಮಗುಚಿ, ಕೂರಲು ಕಲಿತಂತೆ ಹೆಚ್ಚಿನ ಮಕ್ಕಳಲ್ಲಿ ಆಕಾರ ಸುಧಾರಿಸುತ್ತದೆ. ಅಷ್ಟು ದಿನವೂ ತಲೆಯ ಕೆಳಗೆ ಸಾಸಿವೆ ದಿಂಬು ಇದ್ದರೆ ಹೆಸರು ದಿಂಬಿಗೆ ಹೋಗುತ್ತದೆ. ಅಜ್ಜಿಯರು ಕಂಡದ್ದು ಸುಳ್ಳಲ್ಲ, ಕಾರಣ ಮಾತ್ರ ಬೇರೆ.

ಶೀತದ ಮಾತು? ಸಾಸಿವೆಯ ಘಾಟು ಹುಟ್ಟುವುದು ಕಾಳನ್ನು ಅರೆದು ನೀರು ತಾಕಿಸಿದಾಗ. ಬಟ್ಟೆಯೊಳಗಿನ ಇಡೀ ಒಣ ಕಾಳಿನಿಂದ ಔಷಧಿಯ ಗುಣವೇನೂ ಹೊರಬರುವುದಿಲ್ಲ.

ಅಪಾಯ ಎಲ್ಲಿದೆ?

ದೇಹಕ್ಕೆ ಹೋಲಿಸಿದರೆ ಎಳೆಗೂಸಿನ ತಲೆ ದೊಡ್ಡದು, ಕತ್ತಿಗೆ ಬಲ ಕಡಿಮೆ. ದಿಂಬಿನ ಮೇಲೆ ತಲೆ ಎತ್ತರವಾದರೆ ಗಲ್ಲ ಎದೆಯತ್ತ ಬಾಗಿ ಉಸಿರಿನ ದಾರಿ ಕಿರಿದಾಗಬಹುದು. ಮುಖ ಪಕ್ಕಕ್ಕೆ ಹೊರಳಿ ಮೂಗು ದಿಂಬಿಗೆ ಒತ್ತಿದರೆ ತಲೆ ಎತ್ತಿಕೊಳ್ಳುವ ಶಕ್ತಿ ಇರುವುದಿಲ್ಲ, ಅಳುವ ಸದ್ದೂ ಕೇಳದೆ ಹೋಗಬಹುದು. ಹೊಲಿಗೆ ಬಿಚ್ಚಿದರೆ ಕಾಳು ಮೂಗು, ಕಿವಿ, ಗಂಟಲಿಗೆ ಹೋಗುವ ಭಯ ಬೇರೆ.

ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2022ರ ನವೆಂಬರ್‌ನಲ್ಲಿ, ತಲೆಗೆ ಆಕಾರ ಕೊಡುವ ದಿಂಬುಗಳನ್ನು ಶಿಶುಗಳಿಗೆ ಬಳಸಬೇಡಿ ಎಂದು ಪೋಷಕರಿಗೆ ಎಚ್ಚರಿಕೆ ನೀಡಿತು. ಅಲ್ಲಿನ ಮಕ್ಕಳ ತಜ್ಞರ ಅಕಾಡೆಮಿಯ ಸಲಹೆಯಂತೆ ಮೊದಲ ಒಂದು ವರ್ಷ ಮಗುವನ್ನು ಗಟ್ಟಿಯಾದ, ಸಮತಟ್ಟಾದ ಹಾಸಿಗೆಯಲ್ಲಿ ಅಂಗಾತ ಮಲಗಿಸಬೇಕು. ದಿಂಬು, ಸಡಿಲ ಹೊದಿಕೆ, ಮೆತ್ತನೆಯ ಗೊಂಬೆ ಯಾವುದೂ ಅಲ್ಲಿರಬಾರದು. ಮಗುವಿನ ಅಕ್ಕಪಕ್ಕ ಇಡುವ ಲೋಡುದಿಂಬುಗಳಿಗೂ ಇದೇ ಮಾತು. ಸೀರೆಯ ಜೋಲಿಯಲ್ಲೂ ಬೆನ್ನು, ಕತ್ತು ಬಾಗುವುದರಿಂದ ರಾತ್ರಿ ನಿದ್ದೆಗೆ ಅದು ಸೂಕ್ತವಲ್ಲ.

ತಲೆ ಚಪ್ಪಟೆಯಾಗದಿರಲು ಏನು ಮಾಡಬೇಕು?

* ಮಲಗಿಸುವಾಗ ತಲೆ ಇಡುವ ದಿಕ್ಕನ್ನು ದಿನ ಬಿಟ್ಟು ದಿನ ಬದಲಿಸಿ. ಮಗು ಬೆಳಕಿನತ್ತ, ಅಮ್ಮನತ್ತ ಮುಖ ತಿರುಗಿಸುವುದರಿಂದ ಭಾರ ಎರಡೂ ಬದಿಗೆ ಹಂಚಿಕೆಯಾಗುತ್ತದೆ.
* ಎಚ್ಚರವಿರುವಾಗ, ನೀವು ಎದುರಿಗೇ ಕುಳಿತು, ಬೋರಲು ಮಲಗಿಸಿ ಆಡಿಸಿ. ಇನ್ನೂ ಅಂಬೆಗಾಲಿಡದ ಮಕ್ಕಳಿಗೆ ದಿನಕ್ಕೆ ಒಟ್ಟು 30 ನಿಮಿಷವಾದರೂ ಹೀಗೆ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ.
* ಮಗು ಸದಾ ಒಂದೇ ಕಡೆ ಕತ್ತು ತಿರುಗಿಸುತ್ತಿದ್ದರೆ, ತಲೆಯ ಮೇಲೆ ಏಣಿನಂತಹ ಗೆರೆ ಕೈಗೆ ತಾಕಿದರೆ ಅಥವಾ ಆಕಾರ ದಿನೇದಿನೇ ಹೆಚ್ಚು ಓರೆಯಾಗುತ್ತಿದ್ದರೆ ಮಕ್ಕಳ ವೈದ್ಯರಿಗೆ ತೋರಿಸಿ.

ಹಾಗಾದರೆ ಉಡುಗೊರೆಗೆ ಏನು ಹೊಲಿಯುವುದು?

ಬೋರಲು ಆಡಿಸಲು ನೆಲಕ್ಕೆ ಹಾಸುವ ಕೌದಿ ಹೊಲಿಯಿರಿ. ಉತ್ತರ ಕರ್ನಾಟಕದ ಮನೆಗಳಲ್ಲಿ ಹಳೇ ಹತ್ತಿ ಸೀರೆಗಳನ್ನು ಪದರ ಪದರವಾಗಿ ಇಟ್ಟು ಕೈಯಿಂದ ಓಡುಹೊಲಿಗೆ ಹಾಕಿ ಮಾಡುವ ಹಾಸು ಇದು. ಯಲ್ಲಾಪುರ, ಹಳಿಯಾಳ ಕಡೆಯ ಸಿದ್ದಿ ಮಹಿಳೆಯರೂ ಇದೇ ಬಗೆಯ ಕವಂದಿ ಹೊಲಿಯುತ್ತಾರೆ. ಹಾಸಿಗೆಗೆ ಬಿಗಿಯಾಗಿ ಕೂರುವ ಹತ್ತಿ ಹೊದಿಕೆ, ಲಂಗೋಟಿ, ಹೊರಗೆ ಹೋಗುವಾಗ ಹಾಕುವ ಕುಲಾವಿ ಕೂಡ ಒಳ್ಳೆಯ ಉಡುಗೊರೆಗಳೇ. ಮನೆಯೊಳಗೆ ಮಲಗುವಾಗ ಮಾತ್ರ ಕುಲಾವಿ ತೆಗೆಯಿರಿ, ಮೈ ಕಾವು ಏರದಿರಲಿ.

ಹೊಲಿಯುವಾಗ ನೆನಪಿಡಿ: ಬಟ್ಟೆಯನ್ನು ಮೊದಲೇ ಒಗೆದು ಒಣಗಿಸಿ. ಗುಂಡಿ, ಮಣಿ, ಚಮಕಿ, ಉದ್ದ ಲಾಡಿ ಬೇಡ. ಒಳಭಾಗದ ಸಡಿಲ ದಾರಗಳನ್ನು ಕತ್ತರಿಸಿ, ಅವು ಮಗುವಿನ ಬೆರಳಿಗೆ ಸುತ್ತಿಕೊಂಡು ರಕ್ತಸಂಚಾರ ತಡೆಯಬಲ್ಲವು. ಕೆಲಸ ಮುಗಿದ ಮೇಲೆ ಸೂಜಿ, ಪಿನ್ನುಗಳನ್ನು ಎಣಿಸಿ.

ಸಾಸಿವೆ ದಿಂಬು ಈಗಾಗಲೇ ಬಂದಿದ್ದರೆ ಕೊಟ್ಟವರ ಮನಸ್ಸು ನೋಯಿಸಬೇಕಿಲ್ಲ. ಅವರು ಪ್ರೀತಿಯಿಂದಲೇ ಕೊಟ್ಟಿರುತ್ತಾರೆ. ತೊಟ್ಟಿಲಿನಿಂದ ಅದನ್ನು ತೆಗೆದು ಎತ್ತಿಟ್ಟರೆ ಸಾಕು. ನಿಮ್ಮ ಗುಂಪಿನಲ್ಲಿ ದಿಂಬಿನ ವಿಡಿಯೋ ಮತ್ತೆ ಬಂದರೆ ಈ ಲೇಖನವನ್ನು ಅದರ ಕೆಳಗೇ ಹಾಕಿ.