ಗ್ರಹಣದಿಂದ ಹುಟ್ಟಿದ ಚಿಕಿತ್ಸೆ, ಅಜ್ಜಯ್ಯನ ಕತ್ತಲೆ

ಇವತ್ತಿನ ಕಥೆ ತೆಕ್ಕಟ್ಟೆಯ ನಮ್ಮ ಅಜ್ಜಯ್ಯನಿಂದ ಶುರು. ಅವರಿಗೆ ಹಳೇ ಸಕ್ಕರೆ ಕಾಯಿಲೆ. ಮೂರು ವರ್ಷದ ಹಿಂದೆ ಎರಡೂ ಕಣ್ಣಿಗೆ ಲೇಸರ್ ಆಯ್ತು. ಪೇಪರ್ ಓದುವ ದೃಷ್ಟಿ ಉಳೀತು. ಆದ್ರೆ ಬಯಲಾಟ ನೋಡಿ ಬರ್ತಾ ಗದ್ದೆಯಂಚಲ್ಲಿ ಬಿದ್ರು. "ರಂಗಸ್ಥಳ ಕಾಣತ್ತ್, ದಾರಿ ಕಾಂತಿಲ್ಲೆ" ಅಂದ್ರು. ಲೇಸರ್ ಕೆಟ್ಟುಹೋಯ್ತು ಅಂತ ನಾವು ಅಂದುಕೊಂಡ್ವಿ.

ಕೆಟ್ಟಿರಲಿಲ್ಲ. ಅದು ಕೆಲಸ ಮಾಡೋದೇ ಹಾಗೆ.

1945ರ ಜುಲೈ 9ರಂದು ಸೂರ್ಯಗ್ರಹಣ. ಬರಿಗಣ್ಣಲ್ಲಿ ನೋಡಿ ರೆಟಿನಾ ಸುಟ್ಟುಕೊಂಡ ಒಬ್ಬ ವಿದ್ಯಾರ್ಥಿಯನ್ನು ಜರ್ಮನಿಯ ವೈದ್ಯ ಗೆರ್ಡ್ ಮೈಯರ್-ಶ್ವಿಕರಾತ್ ಪರೀಕ್ಷಿಸಿದರು. ನಮ್ಮಲ್ಲಾದ್ರೆ ಹಿರಿಯರು ಬೈದು ಮುಗಿಸ್ತಿದ್ರು. ಇವರಿಗೆ ಹೊಳೆದದ್ದು ಬೇರೆ: ಬೆಳಕು ಸುಡುತ್ತೆ ಅಂದ್ರೆ, ಬೇಕಾದ ಕಡೆ ಮಾತ್ರ ಸುಟ್ಟು ಹರಿದ ರೆಟಿನಾವನ್ನು ಬೆಸೆಯಬಹುದಲ್ಲ? ಮೊದಲು ಬಿಸಿಲನ್ನೇ ಕನ್ನಡಿಯಿಂದ ಕಣ್ಣಿಗೆ ಹಾಯಿಸಿದರು. ಮೋಡ ಬಂದರೆ ಚಿಕಿತ್ಸೆ ಬಂದ್! ಆಮೇಲೆ ಕ್ಸೆನಾನ್ ದೀಪ ಬಂತು. 1960ರಲ್ಲಿ ಲೇಸರ್ ಹುಟ್ಟಿತು, ಆ ದಶಕದ ಕೊನೆಗೆ ಆರ್ಗಾನ್ ಲೇಸರ್ ಕಣ್ಣಿನ ಚಿಕಿತ್ಸೆಗೂ ಬಂತು.

ಸಕ್ಕರೆ ಕಾಯಿಲೆಯಲ್ಲಿ ಸಣ್ಣ ರಕ್ತನಾಳ ಮುಚ್ಚಿ, ಆಮ್ಲಜನಕ ಸಿಗದ ರೆಟಿನಾ ಹೊಸ ನಾಳ ಬೆಳೆಸುವಂತೆ ಸಂಕೇತ ಕಳಿಸುತ್ತೆ. ಆ ನಾಳಗಳು ಬಲಹೀನ, ಒಡೆದು ರಕ್ತ ಸುರಿಸ್ತವೆ. ಅದಕ್ಕೆ ಲೇಸರ್ ರೆಟಿನಾದ ಅಂಚನ್ನು ನೂರಾರು ಚುಕ್ಕೆಗಳಲ್ಲಿ ಸುಟ್ಟು ಬೇಡಿಕೆ ಇಳಿಸುತ್ತೆ. ಕಾಮರ್ಸ್ ಓದಿದವನ ಲೆಕ್ಕದಲ್ಲಿ, ನಷ್ಟದ ಬ್ರಾಂಚ್ ಮುಚ್ಚಿ ಹೆಡ್ ಆಫೀಸ್ ಉಳಿಸಿದ ಹಾಗೆ. ಸಮಸ್ಯೆ ಏನಂದ್ರೆ, ಕತ್ತಲಲ್ಲಿ ನೋಡುವ ಕೋಶಗಳು ಹೆಚ್ಚಾಗಿ ಇರೋದು ಆ ಬ್ರಾಂಚ್‌ಗಳಲ್ಲೇ. ರಾತ್ರಿ ದೃಷ್ಟಿ, ಪಕ್ಕದ ನೋಟ ಎರಡೂ ತಗ್ಗಬಹುದು. ಕೆಲವರಿಗೆ ನಡುವಿನ ಭಾಗ ಊದಿ ಓದೋದೂ ಕಷ್ಟ ಆಗುತ್ತೆ.

ಇದು ಗೊತ್ತಿದ್ದೇ ಮಾಡಿದ್ದು. ಅಮೆರಿಕದ ದೊಡ್ಡ ಅಧ್ಯಯನವೊಂದು ರೋಗಿಯ ಒಂದು ಕಣ್ಣಿಗೆ ಚಿಕಿತ್ಸೆ ಕೊಟ್ಟು, ಇನ್ನೊಂದನ್ನು ಹಾಗೇ ಬಿಟ್ಟು ಹೋಲಿಸಿತು. 1976ರ ಫಲಿತಾಂಶ: ತೀವ್ರ ದೃಷ್ಟಿನಾಶ ಅರ್ಧಕ್ಕಿಂತ ಕಮ್ಮಿ. ಕ್ಸೆನಾನ್‌ಗಿಂತ ಆರ್ಗಾನ್‌ನಲ್ಲಿ ಹಾನಿಯೂ ಕಡಿಮೆ. 2015ರಲ್ಲಿ ಇಂಜೆಕ್ಷನ್ ಕೂಡ ಲೇಸರ್‌ಗೆ ಸಮ, ಪಕ್ಕದ ನೋಟ ಹೆಚ್ಚು ಉಳಿಯುತ್ತೆ ಅಂತ ಗೊತ್ತಾಯ್ತು. ಆದ್ರೆ ಮತ್ತೆ ಮತ್ತೆ ಆಸ್ಪತ್ರೆಗೆ ಹೋಗ್ಬೇಕು, ತಪ್ಪಿಸಿದ್ರೆ ಅಪಾಯ. ಅಜ್ಜಯ್ಯ ತಪ್ಪಿಸ್ತಿದ್ರು, ನನಗೆ ಗೊತ್ತು. ಹಾಗಾಗಿ ಲೇಸರ್ ಬಗ್ಗೆ ನನ್ನ ತಕರಾರಿಲ್ಲ. ರಾತ್ರಿ ಹೀಗಾಗಬಹುದು ಅಂತ ಯಾರೂ ಮೊದಲೇ ಹೇಳಲಿಲ್ಲ, ನಾವೂ ಕೇಳಲಿಲ್ಲ. ಸಿಟ್ಟು ಅದಕ್ಕೆ.

ಈ ಸಲ ಮೇಳ ಬಂದಾಗ ಟಾರ್ಚ್ ಹಿಡಿದು ಕರೆಯೋಕೆ ಹೋದೆ. ಅಜ್ಜಯ್ಯ ಕೇಳಿದ್ದು ಒಂದೇ: ಆಟ ಬೆಳಗಿನವರೆಗೆ ಇದೆಯಾ? ಇದ್ರೆ ಬರ್ತಾರಂತೆ, ಬೆಳಕಾದ ಮೇಲೆ ಒಬ್ಬರೇ ನಡೆದು ಬರ್ತಾರಂತೆ.